ರಂಗತಂತ್ರಜ್ಞರ ತರಬೇತಿ ಮತ್ತು ರಂಗಸುರಕ್ಷತೆ

ನಾಟಕ, ನೃತ್ಯ, ಸಂಗೀತ ಪ್ರದರ್ಶನಗಳಲ್ಲಿ ಬೆಳಕು, ಧ್ವನಿ, ರಂಗಸಜ್ಜಿಕೆ, ಪರದೆ ಮತ್ತು ಭಾರ ಎತ್ತಿಳಿಸುವ ಸಲಕರಣೆಗಳನ್ನು ನಡೆಸುವವರಿಗೆ ಕೊಡುವ ಕಸುಬಿನ ಶಿಕ್ಷಣ. ರಂಗಮಂದಿರವೂ ಒಂದು ಕಾರ್ಯಾಗಾರವೇ, ಆದರೆ ವಿಚಿತ್ರವಾದದ್ದು. ಇಲ್ಲಿ ಕತ್ತಲಲ್ಲಿ, ಸದ್ದು ಮಾಡದೆ, ಕ್ಷಣದ ಲೆಕ್ಕದಲ್ಲಿ ಕೆಲಸ ಸಾಗಬೇಕು. ತಲೆಯ ಮೇಲೆ ಕ್ವಿಂಟಲ್‌ಗಟ್ಟಲೆ ಭಾರ ತೂಗುತ್ತಿರುತ್ತದೆ. ನಟರು ಅದರಡಿಯಲ್ಲೇ ಕುಣಿಯುತ್ತಾರೆ. ಹತ್ತಡಿ ಆಚೆ ಮಕ್ಕಳುಮರಿಗಳೊಂದಿಗೆ ಪ್ರೇಕ್ಷಕರು ಕೂತಿರುತ್ತಾರೆ. ಯಾವ ಕಾರ್ಖಾನೆಯೂ ಇಂಥ ಸ್ಥಿತಿಯಲ್ಲಿ ಯಂತ್ರ ಓಡಿಸಲು ಒಪ್ಪುವುದಿಲ್ಲ. ಆದ್ದರಿಂದ ಈ ಕಸುಬಿನಲ್ಲಿ ಕೌಶಲ ಬೇರೆ, ಸುರಕ್ಷತೆ ಬೇರೆ ಎಂದು ಪಾಠ ಮಾಡಲು ಬರುವುದಿಲ್ಲ. ದೀಪ ಕಟ್ಟುವುದನ್ನು ಕಲಿಸುವುದೆಂದರೆ ಅದು ಬೀಳದಂತೆ ಕಟ್ಟುವುದನ್ನು ಕಲಿಸುವುದು ಎಂದೇ ಅರ್ಥ.

ಇತಿಹಾಸ

ಇಂದಿನ ನಿಯಮಗಳಲ್ಲಿ ಬಹುಪಾಲು ಬೆಂಕಿಯಿಂದ ಹುಟ್ಟಿದವು. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ 1794ರಲ್ಲೇ ಕಬ್ಬಿಣದ ಬೆಂಕಿತಡೆ ಪರದೆಯನ್ನು ಹೆಮ್ಮೆಯಿಂದ ತೋರಿಸಿತ್ತು. 1809ರಲ್ಲಿ ಅದೇ ಕಟ್ಟಡ ಸುಟ್ಟುಹೋಯಿತು. ಮುಂದೆ ಅನಿಲದೀಪಗಳು ಬಂದವು. ಬಟ್ಟೆ, ಮರ, ಬಣ್ಣಗಳ ನಡುವೆ ಬರಿಯ ಜ್ವಾಲೆ ಉರಿಯತೊಡಗಿತು. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ, 1887ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನ ಎಕ್ಸೆಟರ್ ನಗರದ ಥಿಯೇಟರ್ ರಾಯಲ್‌ನಲ್ಲಿ ಇಂಥ ಜ್ವಾಲೆಗಳೇ ನೂರಾರು ಜನರನ್ನು ಬಲಿ ತೆಗೆದುಕೊಂಡವು. ಎಕ್ಸೆಟರಿನಲ್ಲಿ ಸತ್ತವರು 186 ಮಂದಿ.

ವಿಯೆನ್ನಾದ ದುರಂತ ನಡೆದು ಮೂರು ವಾರ ಕಳೆಯುವ ಮೊದಲೇ, 1881ರ ಡಿಸೆಂಬರ್ 28ರಂದು, ಲಂಡನ್ನಿನ ಸವಾಯ್ ರಂಗಮಂದಿರದ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ವೇದಿಕೆಯ ಮೇಲೆ ಬಂದು, ಉರಿಯುತ್ತಿದ್ದ ವಿದ್ಯುತ್ ಬಲ್ಬಿಗೆ ತೆಳು ಬಟ್ಟೆ ಸುತ್ತಿ ಒಡೆದು ತೋರಿಸಿದ. ಬಟ್ಟೆಗೆ ಬೆಂಕಿ ಹತ್ತಲಿಲ್ಲ, ಜನ ಚಪ್ಪಾಳೆ ತಟ್ಟಿದರು. ವಿದ್ಯುತ್ ಬಂತು, ಇನ್ನು ಬೆಂಕಿಯ ಭಯವಿಲ್ಲ ಎಂಬ ನಂಬಿಕೆ ಬೆಳೆಯಿತು. ಆ ನಂಬಿಕೆ ಮುರಿದದ್ದು ಷಿಕಾಗೋದ ಇರಾಕ್ವಾ ರಂಗಮಂದಿರದಲ್ಲಿ, 1903ರ ಡಿಸೆಂಬರ್ 30ರ ಮಧ್ಯಾಹ್ನದ ಆಟದಲ್ಲಿ. ಅಲ್ಲಿ ಕಿಡಿ ಹಾರಿದ್ದು ವಿದ್ಯುತ್ ಆರ್ಕ್ ದೀಪದಿಂದಲೇ. ಕಟ್ಟಡ ತೆರೆದು ಎರಡು ತಿಂಗಳೂ ಆಗಿರಲಿಲ್ಲ. ಪಕ್ಕದ ಪರದೆಗೆ ಹತ್ತಿದ ಬೆಂಕಿಯನ್ನು ಆರಿಸಲು ರಂಗದ ಮೇಲಿದ್ದದ್ದು ಕೈಯಿಂದ ಎರಚುವ ಪುಡಿಯ ಕೊಳವೆಗಳು ಮಾತ್ರ. ಬೆಂಕಿತಡೆ ಪರದೆ ಇಳಿಯುತ್ತ ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು. ರಂಗದ ಮೇಲ್ಚಾವಣಿಯ ಹೊಗೆಗಂಡಿಗಳು ತೆರೆಯುವಂತಿರಲಿಲ್ಲ. ಪ್ರಾಣ ಉಳಿಸಿಕೊಳ್ಳಲು ನಟರು ಹಿಂಬಾಗಿಲು ತೆರೆದಾಗ ಒಳನುಗ್ಗಿದ ಗಾಳಿ ಬೆಂಕಿಯ ಉಂಡೆಯನ್ನು ಪ್ರೇಕ್ಷಕರತ್ತ ತಳ್ಳಿತು. ಒಟ್ಟು 602 ಜನ ಸತ್ತರು.

ಈ ಘಟನೆ ರಂಗಶಿಕ್ಷಣದಲ್ಲಿ ಪಾಠವಾಗಿ ಉಳಿಯಲು ಸತ್ತವರ ಸಂಖ್ಯೆಯೊಂದೇ ಕಾರಣವಲ್ಲ. ಅಲ್ಲಿ ಪರದೆ ಇತ್ತು, ಗಂಡಿ ಇತ್ತು, ಬಾಗಿಲುಗಳಿದ್ದವು. ಅವನ್ನು ನಡೆಸಿ ನೋಡಿದ ಕೈಗಳಿರಲಿಲ್ಲ. ಪ್ರತಿ ಆಟದಲ್ಲೂ ಪ್ರೇಕ್ಷಕರ ಕಣ್ಣೆದುರಿಗೆ ಬೆಂಕಿತಡೆ ಪರದೆಯನ್ನು ಒಮ್ಮೆ ಇಳಿಸಿ ಎತ್ತಬೇಕೆಂಬ ಬ್ರಿಟನ್ನಿನ ರೂಢಿಯ ಹಿಂದಿನ ತರ್ಕವೂ ಇದೇ. ವಿರಾಮದಲ್ಲಿ ಜಾಹೀರಾತಿನ ಹಾಗೆ ಕಾಣುವ ಆ ಪರದೆ ನಿಜಕ್ಕೂ ಒಂದು ಪರೀಕ್ಷೆ.

ಕರ್ನಾಟಕಕ್ಕೂ ಇಂಥ ನೆನಪಿದೆ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಹೊತ್ತಿಕೊಂಡ ಬೆಂಕಿಯಲ್ಲಿ 62 ಜನ ತೀರಿಕೊಂಡರು. ಅದು ನಾಟಕದ ರಂಗವಲ್ಲ, ನಿಜ. ಆದರೆ ದೊಡ್ಡ ದೀಪಗಳ ಕಾವು, ಸುಲಭವಾಗಿ ಉರಿಯುವ ಹೊದಿಕೆ, ಗಾಳಿಯಾಡದ ಒಳಾಂಗಣ, ಸಡಿಲ ವೈರಿಂಗ್ ಎಂಬ ಪಟ್ಟಿ ರಂಗದ ಹಿಂದೆ ಓಡಾಡಿದ ಯಾರಿಗೂ ಹೊಸದಲ್ಲ.

ಭಾರ ತೂಗುವ ವಿದ್ಯೆ

ತರಬೇತಿಯಲ್ಲಿ ಹೆಚ್ಚು ಹೊತ್ತು ಬೇಡುವುದು ಇದು. ಬಾವಿಯ ರಾಟೆಯ ತತ್ವವೇ ರಂಗದ ಎತ್ತುಗೆಯ ತತ್ವ. ಹಗ್ಗ, ರಾಟೆ, ಕಟ್ಟಲು ಒಂದು ಗೂಟ, ಇಷ್ಟಿದ್ದರೆ ಹಳೆಯ ಕಂಪನಿ ನಾಟಕಗಳ ಪರದೆ ಮೇಲೇರುತ್ತಿತ್ತು. ದೊಡ್ಡ ಮಂದಿರಗಳಲ್ಲಿ ಸಮತೂಕದ ವ್ಯವಸ್ಥೆ ಇರುತ್ತದೆ. ರಂಗದ ಮೇಲಿನ ಅಡ್ಡಕೊಳವೆಗೆ ಬಿಗಿದ ಉಕ್ಕಿನ ಹಗ್ಗಗಳು ಚಾವಣಿಯ ರಾಟೆಗಳ ಮೂಲಕ ಪಕ್ಕದ ಗೋಡೆಯ ಚೌಕಟ್ಟಿಗೆ ಬರುತ್ತವೆ; ಆ ಚೌಕಟ್ಟಿನಲ್ಲಿ ಕಬ್ಬಿಣದ ತೂಕದ ಬಿಲ್ಲೆಗಳನ್ನು ಜೋಡಿಸುತ್ತಾರೆ. ಎರಡೂ ಕಡೆ ತೂಕ ಸರಿಹೋದರೆ ಒಬ್ಬನೇ ಕೈಹಗ್ಗ ಎಳೆದು ನೂರಾರು ಕಿಲೋದ ಸಜ್ಜಿಕೆಯನ್ನು ಎತ್ತಬಲ್ಲ.

ಅಪಾಯ ಇರುವುದು ತೂಕ ಸರಿಯಿರುವಾಗ ಅಲ್ಲ, ಹಾಕುವಾಗ ಮತ್ತು ತೆಗೆಯುವಾಗ. ಕೊಳವೆಯನ್ನು ಕೆಳಗಿಳಿಸಿ ಮೊದಲು ಅದಕ್ಕೆ ಸಜ್ಜಿಕೆ ಕಟ್ಟಬೇಕು, ಆಮೇಲೆ ಬಿಲ್ಲೆ ಏರಿಸಬೇಕು. ಬಿಚ್ಚುವಾಗ ಮೊದಲು ಬಿಲ್ಲೆ ಇಳಿಸಬೇಕು, ಆಮೇಲೆ ಸಜ್ಜಿಕೆ ಬಿಚ್ಚಬೇಕು. ಕ್ರಮ ತಪ್ಪಿ ಸಜ್ಜಿಕೆ ಮೊದಲು ಕಳಚಿದರೆ ಮೇಲಿರುವ ಬಿಲ್ಲೆಗಳ ಭಾರಕ್ಕೆ ಎದುರು ತೂಕವೇ ಇರುವುದಿಲ್ಲ. ಚೌಕಟ್ಟು ಧಡ್ಡನೆ ಕೆಳಗೆ ನುಗ್ಗುತ್ತದೆ, ಕೊಳವೆ ಚಾವಣಿಗೆ ಚಿಮ್ಮುತ್ತದೆ, ಬಿಲ್ಲೆಗಳು ಸಿಡಿಯುತ್ತವೆ. ಕೈಹಗ್ಗದ ಬೀಗ ಅದನ್ನು ತಡೆಯದು. ಆ ಬೀಗ ಇರುವುದು ಸಮತೂಕವಾದ ಭಾರ ಜಾರದಿರಲಿ ಎಂದು ಮಾತ್ರ. ಓಡುವ ಹಗ್ಗವನ್ನು ಹಿಡಿದು ನಿಲ್ಲಿಸಲು ಹೋಗಬೇಡ, ಕೂಗಿ ಎಲ್ಲರನ್ನೂ ಎಚ್ಚರಿಸಿ ದೂರ ಸರಿ ಎನ್ನುವುದು ಮೊದಲ ದಿನದ ಪಾಠ. ಹಿಡಿಯಬೇಕೆಂಬುದು ಮನುಷ್ಯನ ಸಹಜ ಚಪಲ. ತರಬೇತಿ ಹೋರಾಡುವುದು ಆ ಚಪಲದ ವಿರುದ್ಧ.

ಕೋನದ ಲೆಕ್ಕ ಇನ್ನೊಂದು. 100 ಕಿಲೋ ಭಾರವನ್ನು ಎರಡು ನೆಟ್ಟನೆಯ ಹಗ್ಗಗಳಿಂದ ತೂಗಿಸಿದರೆ ಒಂದೊಂದರ ಮೇಲೆ 50 ಕಿಲೋ ಬೀಳುತ್ತದೆ. ಹಗ್ಗಗಳು ಅಗಲಕ್ಕೆ ಚಾಚಿ ಸಮತಲಕ್ಕೆ 30 ಡಿಗ್ರಿಯಷ್ಟೇ ಓರೆಯಾಗಿದ್ದರೆ ಒಂದೊಂದರ ಸೆಳೆತವೂ 100 ಕಿಲೋ ಆಗುತ್ತದೆ. ಕೋನ 10 ಡಿಗ್ರಿಗೆ ಇಳಿದರೆ ಅದು 288 ಕಿಲೋ. ಬಟ್ಟೆ ಒಣಹಾಕುವ ತಂತಿಯನ್ನು ಚೂರೂ ಜೋಲದಂತೆ ಬಿಗಿದರೆ ಒಂದು ಒದ್ದೆ ಸೀರೆಗೇ ಗೋಡೆಯ ಮೊಳೆ ಕಿತ್ತುಬರುವುದು ಇದೇ ಕಾರಣಕ್ಕೆ. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧದವರೆಗೂ ಕುಗ್ಗಬಹುದು. ಹೀಗಾಗಿ ಹಗ್ಗ ಹರಿಯುವ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರಿಸುವುದಿಲ್ಲ. ಮನುಷ್ಯರನ್ನೇ ಹಾರಿಸುವ ದೃಶ್ಯವಾದರೆ ಹತ್ತನೆಯ ಒಂದು ಪಾಲು.

ದೀಪಗಳಿಗೆ ಕೊಂಡಿಯ ಜೊತೆ ಎರಡನೆಯ ಆಸರೆಯಾಗಿ ಉಕ್ಕಿನ ಹಗ್ಗವೊಂದನ್ನು ಸುತ್ತುತ್ತಾರೆ. 6 ಮೀಟರ್ ಎತ್ತರದಿಂದ ಜಾರಿದ ದೀಪ ನೆಲ ಮುಟ್ಟಲು ಹಿಡಿಯುವ ಹೊತ್ತು ಸುಮಾರು 1.1 ಸೆಕೆಂಡು, ಆಗ ಅದರ ವೇಗ ಗಂಟೆಗೆ 39 ಕಿಲೋಮೀಟರ್ ಹತ್ತಿರ. ಕೆಳಗಿದ್ದವನಿಗೆ ತಲೆಯೆತ್ತಿ ನೋಡಲೂ ಸಮಯವಿಲ್ಲ. ಏಣಿ ಹತ್ತಿದವನ ಜೇಬಿನ ಸ್ಪ್ಯಾನರ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೇ ಅದನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ರಂಗದ ಹಿಂದೆ ಸಿಳ್ಳೆ ಹಾಕಬಾರದೆಂಬ ಪಾಶ್ಚಾತ್ಯ ನಂಬಿಕೆಗೂ ಈ ಹಗ್ಗಗಳೊಡನೆ ನಂಟು ಹೇಳುತ್ತಾರೆ. ಹಿಂದೆ ಹಗ್ಗ ಎಳೆಯಲು ಹಡಗಿನವರು ಬರುತ್ತಿದ್ದರಂತೆ, ಅವರಿಗೆ ಸಿಳ್ಳೆಯೇ ಸಂಜ್ಞೆಯಂತೆ. ಕಥೆಯಿರಬಹುದು, ಆದರೂ ಕಲಿಸಲು ಒಳ್ಳೆಯ ಕಥೆ.

ವಿದ್ಯುತ್ತು

ಭಾರತದ 230 ವೋಲ್ಟಿನಲ್ಲಿ 1000 ವ್ಯಾಟಿನ ಒಂದು ದೀಪ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಸಾಕೆಟ್ಟಿಗೆ ಮೂರು ದೀಪ ಸಾಕು, ನಾಲ್ಕನೆಯದು ಅಪಾಯ. ಸುತ್ತಿಟ್ಟ ಕೇಬಲ್ಲನ್ನು ಬಿಚ್ಚದೆ ಹಾಗೇ ಬಳಸಿದರೆ ಒಳಸುತ್ತುಗಳು ಕಾದು ಹೊದಿಕೆ ಕರಗುತ್ತದೆ. ಪಕ್ಕಪಕ್ಕದ ಎರಡು ದೀಪಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಅವುಗಳ ನಡುವೆ 400 ವೋಲ್ಟಿನ ಅಂತರವಿರುತ್ತದೆ. ಜನರೇಟರಿನ ನ್ಯೂಟ್ರಲ್ ಕಳಚಿದರೆ ಕೆಲವು ದೀಪಗಳ ಮೇಲೆ ಆ ವೋಲ್ಟೇಜಿನ ಹತ್ತಿರ ಹತ್ತಿರ ಬಿದ್ದು ಬಲ್ಬು, ಡಿಮ್ಮರ್ ಎಲ್ಲ ಹೋಗುತ್ತವೆ. ಮೈಮೇಲೆ ಹರಿಯುವ ವಿದ್ಯುತ್ತನ್ನು ಗುರುತಿಸಿ ತುಂಡರಿಸುವ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು ಇದ್ದೆಡೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡುವುದು ದಿನದ ಕೆಲಸ. ಪ್ಲಗ್ಗಿಲ್ಲದ ವೈರಿನ ತುದಿಯನ್ನು ಸಾಕೆಟ್ಟಿನ ತೂತಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವ ನಮ್ಮ ಜಾಣತನವನ್ನು ಯಾವ ಪಠ್ಯವೂ ವಿವರಿಸುವುದಿಲ್ಲ. ತರಬೇತಿಯಲ್ಲಿ ಮೊದಲು ಬಿಡಿಸಬೇಕಾದ ಚಾಳಿ ಅದೇ.

ಬೆಂಕಿ, ಹೊಗೆ, ರಾಳ

ಹತ್ತಿಯ ಪರದೆಗಳಿಗೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಿಡಿಸಿದರೆ ಅವು ಜ್ವಾಲೆಯೆದ್ದು ಉರಿಯುವುದಿಲ್ಲ. ಒಗೆದರೆ ಆ ಗುಣ ತೊಳೆದುಹೋಗುತ್ತದೆ, ಮತ್ತೆ ಅದ್ದಬೇಕು. ಬಟ್ಟೆಯ ಚೂರೊಂದನ್ನು ಹೊರಗೊಯ್ದು ಕಡ್ಡಿ ಗೀರಿ ನೋಡುವುದು ಸರಳ ಪರೀಕ್ಷೆ. ಘನ ಇಂಗಾಲದ ಡೈಆಕ್ಸೈಡಿನಿಂದ ಏಳುವ ಬಿಳಿಮೋಡ ಕಣ್ಣಿಗೆ ಹಬ್ಬ. ಆದರೆ ಆ ಅನಿಲ ಗಾಳಿಗಿಂತ ಭಾರ, ವಾದ್ಯದವರ ತಗ್ಗಿನಲ್ಲಿ, ರಂಗದಡಿಯ ನೆಲಮಾಳಿಗೆಯಲ್ಲಿ ತುಂಬಿಕೊಂಡು ಉಸಿರುಗಟ್ಟಿಸುತ್ತದೆ. ಯಕ್ಷಗಾನದ ರಕ್ಕಸ ವೇಷಗಳ ಪ್ರವೇಶಕ್ಕೆ ದೀವಟಿಗೆಯ ಮೇಲೆ ರಾಳದ ಪುಡಿ ಎರಚುವ ಪದ್ಧತಿ ಯಾವ ವಿದೇಶಿ ಕೈಪಿಡಿಗಿಂತಲೂ ಹಳೆಯ ತಂತ್ರ. ಗಟ್ಟಿಯಾಗಿ ಬಿದ್ದಿರುವ ರಾಳ ನಿಧಾನ ಉರಿಯುತ್ತದೆ. ನುಣ್ಣಗೆ ಪುಡಿಯಾಗಿ ಗಾಳಿಯಲ್ಲಿ ಹರಡಿದ್ದು ಒಂದೇ ಸಲಕ್ಕೆ ಭುಗಿಲೆನ್ನುತ್ತದೆ. ಎಷ್ಟು ಹಿಡಿ, ಎತ್ತ ಮುಖ, ಗಾಳಿ ಯಾವ ಕಡೆ ಎಂಬ ಅಳತೆ ಮೇಳದವರ ಕೈಗೆ ಗೊತ್ತು. ಬಯಲಿನ ಆ ಅಳತೆ ಬಟ್ಟೆ ಇಳಿಬಿಟ್ಟ ಮುಚ್ಚಿದ ಮಂದಿರಕ್ಕೆ ಹೊಂದುವುದಿಲ್ಲ.

ಕತ್ತಲು ಮತ್ತು ಮಾತು

ದೃಶ್ಯ ಬದಲಾಗುವ ಕತ್ತಲಲ್ಲಿ ಅಂಚು, ಮೆಟ್ಟಿಲು, ನೆಲಗಂಡಿಗಳನ್ನು ಮಿನುಗುವ ಪಟ್ಟಿಯಿಂದ ಗುರುತಿಸುತ್ತಾರೆ. ರಂಗನಿರ್ವಾಹಕರ ಸೂಚನೆಗೂ ಕಟ್ಟುನಿಟ್ಟಿನ ವ್ಯಾಕರಣವಿದೆ: ಮೊದಲು ‘ಸ್ಟ್ಯಾಂಡ್‌ಬೈ’, ಕೊನೆಗೆ ‘ಗೋ’. ಈ ಕೊನೆಯ ಪದವನ್ನು ಹೆಡ್‌ಸೆಟ್ಟಿನಲ್ಲಿ ಬೇರೆ ಯಾವ ಮಾತಿಗೂ ಬಳಸಬಾರದು. ಕೇಳಿದ ಕ್ಷಣ ಕೈ ತಾನಾಗಿ ಗುಂಡಿ ಒತ್ತಿಬಿಡುತ್ತದೆ.

ಶಿಕ್ಷಣ ವ್ಯವಸ್ಥೆಗಳು

ಬ್ರಿಟನ್ನಿನಲ್ಲಿ 1961ರಲ್ಲಿ ಹುಟ್ಟಿದ ರಂಗತಂತ್ರಜ್ಞರ ಸಂಘ ಕಂಚು, ಬೆಳ್ಳಿ, ಚಿನ್ನ ಎಂಬ ಮೆಟ್ಟಿಲುಗಳಲ್ಲಿ ಅರ್ಹತಾಪತ್ರ ಕೊಡುತ್ತದೆ. ಜರ್ಮನಿಯಲ್ಲಿ 1998ರಿಂದ ಪ್ರದರ್ಶನ ತಂತ್ರಜ್ಞಾನ ಮೂರು ವರ್ಷದ ಅಧಿಕೃತ ಕಸುಬು ಶಿಕ್ಷಣವಾಗಿದೆ. ದೊಡ್ಡ ರಂಗಗಳಲ್ಲಿ ಅರ್ಹತೆ ಪಡೆದ ಹೊಣೆಗಾರ ತಂತ್ರಜ್ಞ ಇರಲೇಬೇಕು. ಉತ್ತರ ಅಮೆರಿಕದಲ್ಲಿ ಭಾರ ತೂಗುವವರಿಗೂ ರಂಗದ ಎಲೆಕ್ಟ್ರಿಷಿಯನ್ನರಿಗೂ ಬೇರೆ ಬೇರೆ ಪರೀಕ್ಷೆಗಳಿವೆ.

ಭಾರತದಲ್ಲಿ ಈ ವಿದ್ಯೆ ಬಹಳ ಕಾಲ ಗುರುವಿನ ಬೆನ್ನಹಿಂದೆ ನಿಂತು ಕಲಿಯುವಂಥದ್ದಾಗಿತ್ತು. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದು ಯಾವ ಪ್ರಮಾಣಪತ್ರದ ಬಲದಿಂದಲೂ ಅಲ್ಲ. ಬಂಗಾಳದ ತಾಪಸ್ ಸೇನ್ 1959ರ ‘ಅಂಗಾರ್’ ನಾಟಕದಲ್ಲಿ ಗಣಿಯೊಳಗೆ ನೀರು ನುಗ್ಗುವುದನ್ನು ಬರಿಯ ಬೆಳಕಿನಿಂದ ತೋರಿಸಿ, ತಂತ್ರಜ್ಞನೂ ಕಲಾವಿದನೇ ಎಂಬುದನ್ನು ಸ್ಥಾಪಿಸಿದರು. ಅದೇ ವರ್ಷ ರಾಷ್ಟ್ರೀಯ ನಾಟಕ ಶಾಲೆ ಆರಂಭವಾಯಿತು. ಕರ್ನಾಟಕದಲ್ಲಿ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ನಟನೆಯ ಜೊತೆಗೇ ರಂಗಸಜ್ಜಿಕೆ, ಬೆಳಕುಗಳನ್ನೂ ಕಲಿಸುತ್ತ ಬಂದಿದೆ. ಮೈಸೂರಿನ ರಂಗಾಯಣ 1989ರಲ್ಲಿ ಹುಟ್ಟಿತು. ಇಲ್ಲಿ ನಟನೇ ಬಡಗಿ, ನಟಿಯೇ ದೀಪ ನಡೆಸುವವಳು. ಈ ಸಮಾನತೆ ರಂಗದ ಭಾಗ್ಯ. ಆದರೆ ಭಾರ ತೂಗುವುದು, ವಿದ್ಯುತ್ ಜೋಡಿಸುವುದು ಉತ್ಸಾಹದಿಂದಷ್ಟೇ ಬರುವ ಕೆಲಸಗಳಲ್ಲ. ಮನೆಗೆ ವೈರಿಂಗ್ ಮಾಡುವವರು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದಿರಬೇಕು ಎನ್ನುವ ರಾಜ್ಯದಲ್ಲಿ, ಮೂವತ್ತು ದೀಪ ಹೊತ್ತಿಸುವ ಹವ್ಯಾಸಿ ಹುಡುಗನನ್ನು ಯಾರೂ ಏನೂ ಕೇಳುವುದಿಲ್ಲ.

ಊರೂರು ಸುತ್ತುವ ತಂಡಗಳಿಗೆ ಪಾಠ ಇನ್ನೂ ಬೇರೆ. 1985ರಲ್ಲಿ ಶುರುವಾದ ನೀನಾಸಮ್ ತಿರುಗಾಟದಂಥ ತಂಡಕ್ಕೆ ಇಂದು ಶಾಲೆಯ ಬಯಲು, ನಾಳೆ ತಾಲ್ಲೂಕಿನ ಸಭಾಭವನ. ಚಾವಣಿಯ ಕೊಕ್ಕೆ ಫ್ಯಾನಿಗೆ ಹಾಕಿದ್ದೋ ದೀಪಕ್ಕೋ, ಅರ್ಥಿಂಗ್ ಇದೆಯೋ ಇಲ್ಲವೋ, ಹಿಂಬಾಗಿಲ ಬೀಗದ ಕೈ ಯಾರ ಬಳಿ ಇದೆ ಎಂದು ಲಾರಿಯಿಂದ ಸಾಮಾನು ಇಳಿಸುವ ಮೊದಲೇ ನೋಡಬೇಕು. ಅದಕ್ಕಿಂತ ಕಠಿಣ ಗಳಿಗೆ ಆಟ ಮುಗಿದ ಮೇಲಿನದು. ರಾತ್ರಿ ಹನ್ನೊಂದಕ್ಕೆ ಪ್ರೇಕ್ಷಕರು ಎದ್ದು ಹೊರಟಿರುತ್ತಾರೆ, ಊಟ ತಣ್ಣಗಾಗುತ್ತಿರುತ್ತದೆ, ಬೆಳಗಿಗೆ ಮುಂದಿನ ಊರು ಸೇರಬೇಕು. ಆಗಲೇ ಯಾರೋ ಬಿಸಿ ಆರದ ದೀಪಕ್ಕೆ ಕೈ ಹಾಕುತ್ತಾರೆ, ಕೆಳಗೆ ಆಸರೆ ಹಿಡಿಯುವ ಮೊದಲೇ ಮೇಲಿನವರು ಗಂಟು ಬಿಚ್ಚುತ್ತಾರೆ. ಅನುಭವವುಳ್ಳ ತಂಡದ ಹಿರಿಯರು ಆ ಹೊತ್ತಿಗೆ ಮೊದಲು ಮಂದಿರದ ಎಲ್ಲ ದೀಪಗಳನ್ನೂ ಹಾಕಿಸುತ್ತಾರೆ, ಎಲ್ಲರಿಗೂ ಒಂದು ಲೋಟ ಚಹಾ ಕೊಡಿಸುತ್ತಾರೆ, ಆಮೇಲೆ ಏಣಿ ತರಿಸುತ್ತಾರೆ.