ಬಾಗಿಲಿಗೆ ಬಂದ ಬ್ಯಾಂಕು

ಹೂ ಮಾರುವವರು, ಬೀಡಾ ಅಂಗಡಿಯವರು, ಟೈಲರ್‌ಗಳು ‘ಪಿಗ್ಮಿ ಕಟ್ತಿದೀನಿ’ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಬ್ಯಾಂಕೊಂದು ತನ್ನ ಯೋಜನೆಗೆ ಇಟ್ಟ ಹೆಸರು ಹೀಗೆ ಊರೂರಿನ ಆಡುಮಾತಾಯಿತು. ಗ್ರಾಹಕರ ತೃಪ್ತಿಯ ಚರಿತ್ರೆ ಬರೆಯುವುದಾದರೆ ಈ ಪದದಿಂದ ಶುರುಮಾಡಬಹುದು.

ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗುವುದು ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕೂಡಿಸಿಕೊಂಡು ಬರುತ್ತಿದ್ದರು. ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ.

ದಿನದ ಕೂಲಿಯವರ ಬಳಿ ಉಳಿತಾಯಕ್ಕೆ ದುಡ್ಡಿಲ್ಲ ಎಂಬುದು ಅರ್ಧ ಸತ್ಯ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜಿಕೆಯಿತ್ತು, ಎರಡಾಣೆಗಾಗಿ ಅರ್ಧ ದಿನದ ದುಡಿಮೆ ಬಿಡುವಂತಿರಲಿಲ್ಲ. ಈ ಎರಡನ್ನೂ ನೀಗಿಸಿದ್ದು ಬಾಗಿಲಿಗೆ ಬರುವ ಒಬ್ಬ ಪರಿಚಿತ. ಬಡ್ಡಿಯ ಲೆಕ್ಕ ತಿಳಿಯದವರಿಗೂ ಆ ಮುಖ ತಿಳಿದಿತ್ತು. ಜನ ಮೊದಲು ನಂಬಿದ್ದು ಅವನನ್ನು, ಆಮೇಲೆ ಬ್ಯಾಂಕನ್ನು.

ಈ ತಿಳಿವಳಿಕೆ ಮುಂದೆ ಸರ್ಕಾರದ ನೀತಿಯಲ್ಲೂ ಕಾಣಿಸಿತು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು; ಆದರೂ ಹಳ್ಳಿಗಳಿಗೆ ಅವು ದೂರವೇ ಉಳಿದವು. 1975ರಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಹುಟ್ಟಿದ್ದರ ಹಿಂದಿನ ವಿಚಾರ ಸರಳ: ಸಹಕಾರ ಸಂಘಕ್ಕಿರುವ ಊರಿನ ಒಡನಾಟ, ವಾಣಿಜ್ಯ ಬ್ಯಾಂಕಿನ ಶಿಸ್ತು ಎರಡೂ ಒಂದೇ ಕಡೆ ಇರಬೇಕು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಚಿತ್ರದುರ್ಗ ಗ್ರಾಮೀಣ ಬ್ಯಾಂಕು ಈ ಪೀಳಿಗೆಯದು. ಯಲ್ಲದಕೆರೆಯ ರೈತರೊಬ್ಬರು ಬೆಳೆಸಾಲ ಕೇಳಲು ಬಂದರೆನ್ನಿ. ಮಳೆ ಕೈಕೊಟ್ಟರೆ ಶೇಂಗಾ ಏನಾಗುತ್ತದೆ ಎಂಬುದನ್ನು ಬಲ್ಲ ಗುಮಾಸ್ತರೊಡನೆ ಆಡುವ ಮಾತೇ ಬೇರೆ, ‘ಫಾರಂ ಸರಿಯಿಲ್ಲ, ನಾಳೆ ಬಾ’ ಎನ್ನುವವರೊಡನೆ ಆಡುವ ಮಾತೇ ಬೇರೆ. ಸಾಲ ಇಬ್ಬರಿಂದಲೂ ಸಿಗದೇ ಹೋಗಬಹುದು. ಆದರೆ ಮೊದಲನೆಯವರ ಬಳಿಗೆ ರೈತ ಮತ್ತೆ ಬರುತ್ತಾನೆ.

2005ರಲ್ಲಿ ಈ ಬ್ಯಾಂಕು ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳೊಡನೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. ಮುಂದಿನ ವಿಲೀನಗಳಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಪಿಗ್ಮಿಯನ್ನು ಹುಟ್ಟುಹಾಕಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ವಿಲೀನದಿಂದ ಬಂಡವಾಳ ಗಟ್ಟಿಯಾಗುತ್ತದೆ. ಊರಿನ ಒಡನಾಟವನ್ನು ಹಾಗೆ ಕೂಡಿಸಲು ಬರುವುದಿಲ್ಲ.

ಹಾಗಾದರೆ ಆ ನಂಬಿಕೆಯನ್ನು ದುಡಿದು ತಂದವರಿಗೆ ಸಿಕ್ಕಿದ್ದೇನು? ಪಿಗ್ಮಿ ಏಜೆಂಟರಿಗೆ ಸಿಗುತ್ತಿದ್ದುದು ಕಮಿಷನ್. ಅವರು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ಲವೋ ಎಂಬುದೇ ವರ್ಷಗಟ್ಟಲೆ ವ್ಯಾಜ್ಯವಾಯಿತು. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ, ಯೋಜನೆ ಶುರುವಾಗಿ 73 ವರ್ಷಗಳಾದ ಮೇಲೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ, ನಗುಮುಖವೂ ದುಡಿಮೆಯೇ, ಕಂಪನಿ ಅದನ್ನೂ ಮಾರುತ್ತದೆ ಎಂದು ತೋರಿಸಿದರು. ನಮ್ಮ ಪಿಗ್ಮಿ ಏಜೆಂಟರ ದುಡಿಮೆಯೂ ಅಂಥದ್ದೇ. ಅಂಗಡಿಯವರ ಮಗಳ ಮದುವೆ ವಿಚಾರಿಸುವುದು, ವ್ಯಾಪಾರ ಇಲ್ಲದ ದಿನ ‘ಇರಲಿ ಬಿಡಿ, ನಾಳೆ ಕೊಡಿ’ ಎನ್ನುವುದು ಯಾವ ಲೆಡ್ಜರಿನಲ್ಲೂ ದಾಖಲಾಗುವುದಿಲ್ಲ. ಸಂಸ್ಥೆಗಳ ಚರಿತ್ರೆಯಲ್ಲಿ ಸ್ಥಾಪಕರ ಹೆಸರಿರುತ್ತದೆ, ಠೇವಣಿಯ ಮೊತ್ತವಿರುತ್ತದೆ. ಬಾಗಿಲು ತಟ್ಟಿದವರ ಹೆಸರು ಇರುವುದಿಲ್ಲ.

ಇಂದು ಆ ಬಾಗಿಲು ಮೊಬೈಲಿನೊಳಗೆ ಬಂದಿದೆ. ಹಣ ಕಳಿಸುವುದು ಸುಲಭವಾಗಿದೆ, ಅದು ಒಳ್ಳೆಯದೇ. ಆದರೆ ಹಣ ಕಟ್ ಆಗಿ ಎದುರಿನವರಿಗೆ ತಲುಪದ ದಿನ ಹೂವಿನವರು ಹುಡುಕುವುದು ಒಂದು ಮುಖವನ್ನು, ತಮ್ಮ ಭಾಷೆಯಲ್ಲಿ ಉತ್ತರಿಸುವ ಒಂದು ದನಿಯನ್ನು. ಉಡುಪಿಯ ಬ್ಯಾಂಕು 1928ರಲ್ಲಿ ಎರಡಾಣೆಯ ಜೊತೆಗೆ ಕಳಿಸಿಕೊಟ್ಟದ್ದು ಅದನ್ನೇ.