ಚಳಿಗಾಲದಲ್ಲಿ ಒಳಾಂಗಣ ಕುಂಡ ಸಸ್ಯಗಳ ನಿರ್ವಹಣೆ

ಡಿಸೆಂಬರ್‌-ಜನವರಿ ತಿಂಗಳುಗಳಲ್ಲಿ ಬೆಂಗಳೂರಿನ ಕನಿಷ್ಠ ಉಷ್ಣಾಂಶವು ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿರುತ್ತದೆ. ಅಷ್ಟು ಚಳಿಗೆ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್‌ಗಳು ಸಾಯುವುದಿಲ್ಲ. ಬೆಳವಣಿಗೆ ನಿಧಾನವಾಗಿರುವಾಗಲೂ ಬೇಸಿಗೆಯಂತೆ ನಿತ್ಯ ನೀರೆರೆದರೆ ಬೇರು ಕೊಳೆತು ಸಾಯುತ್ತವೆ. ಮಣ್ಣಿನೊಳಗೆ ಬೆರಳನ್ನು ಒಂದು ಅಂಗುಲ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ.

ಕುಂದಲಹಳ್ಳಿ, ವೈಟ್‌ಫೀಲ್ಡ್ ಭಾಗದ ವಸತಿ ಸಮುಚ್ಚಯಗಳಲ್ಲಿ ನೀರಿನ ಗುಣವನ್ನೂ ಗಮನಿಸಬೇಕು. ಕೊಳವೆಬಾವಿಯ ಗಡಸು ನೀರನ್ನು ಉಪ್ಪು ಬಳಸುವ ಸಾಫ್ಟ್‌ನರ್‌ನಲ್ಲಿ ಹಾಯಿಸಿದಾಗ ಸುಣ್ಣದಂಶ ಹೋಗಿ ಸೋಡಿಯಂ ಸೇರುತ್ತದೆ. ಪಾತ್ರೆ ತೊಳೆಯಲು ಇದು ಅನುಕೂಲ, ಬೇರಿಗೆ ಅಲ್ಲ. ಎಲೆಯಂಚು ಸುಟ್ಟಂತೆ ಕಂಡರೆ ಚಳಿಯನ್ನು ದೂರುವ ಮುನ್ನ ನಲ್ಲಿಯ ನೀರನ್ನು ವಿಚಾರಿಸಿ. ಆರ್‌.ಒ. ಯಂತ್ರವು ಹೊರಬಿಡುವ ನೀರಿನಲ್ಲಿ ಲವಣಗಳು ಸಾಂದ್ರವಾಗಿರುವುದರಿಂದ ಅದೂ ಬೇಡ. ಕಾವೇರಿ ನೀರು ಅಥವಾ ಸಂಗ್ರಹಿಸಿದ ಮಳೆನೀರು ಉತ್ತಮ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ, ಬಿಸಿಲಿರುವ ಬೆಳಗ್ಗೆ ಇಂತಹ ನೀರನ್ನು ತಳದ ರಂಧ್ರದಿಂದ ಧಾರಾಳವಾಗಿ ಹರಿಯುವವರೆಗೆ ಹಾಕಿ ಲವಣವನ್ನು ತೊಳೆಯಿರಿ. ನರ್ಸರಿ ನಡೆಸುವ ರೈತರು ಗಿಡ ಮಾರುವಾಗಲೇ ಇದನ್ನು ಗ್ರಾಹಕರಿಗೆ ತಿಳಿಸುವುದೊಳಿತು.

ಗೊಬ್ಬರವನ್ನು ಫೆಬ್ರವರಿಯವರೆಗೆ ತಡೆಹಿಡಿಯಿರಿ. ಹಿಟ್ಟು ತಿಗಣೆ ಕಂಡುಬಂದರೆ ಪ್ರತಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ, ಎಲೆಯ ಅಡಿಭಾಗಕ್ಕೂ ತಾಗುವಂತೆ ಸಂಜೆ ಸಿಂಪಡಿಸಿ.