ಲಿನಕ್ಸ್ ಗಣಕವು ಹೊರಪರದೆಯನ್ನು ಗುರುತಿಸಿದ ಬಗೆ

ಗಣಕಯಂತ್ರದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅದರ ವೇಗವನ್ನೂ ಸ್ಮರಣಶಕ್ತಿಯನ್ನೂ ಕುರಿತು ಬರೆದಿದ್ದಾರೆ. ಯಂತ್ರಕ್ಕೂ ಅದರ ನೆರೆಯ ಸಲಕರಣೆಗಳಿಗೂ ಪರಿಚಯ ಬೆಳೆದ ಕಥೆ ಅಷ್ಟಾಗಿ ಗಮನವನ್ನು ಸೆಳೆದಿಲ್ಲ. ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರು ತಮ್ಮ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರಿನ ತಂತಿಯನ್ನು ಸಿಕ್ಕಿಸಿ, ಗೋಡೆಯ ಮೇಲೆ ಏನೂ ಮೂಡದಿರಲು, ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸುತ್ತ ನಿಂತಿರುವ ದೃಶ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ಕೇಳಬೇಕಾದ ಪ್ರಶ್ನೆ ಯಂತ್ರಕ್ಕೆ ತಿಳಿಯಲಿಲ್ಲವೆ ಎಂಬುದಲ್ಲ. ಯಂತ್ರದೊಳಗೆ ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂಬುದು. ಲಿನಕ್ಸ್ ವ್ಯವಸ್ಥೆಯ ಅನುಭವವನ್ನು ಪರಿಶೀಲಿಸಿದರೆ, ಹೊರಪರದೆಯನ್ನು ಪತ್ತೆಮಾಡುವ ಉಪಾಯ ಬೇಗನೆ ಸಿದ್ಧಿಸಿತೆಂದೂ ಆ ಸುದ್ದಿಯನ್ನು ತಕ್ಕವರಿಗೆ ಮುಟ್ಟಿಸುವ ಕೆಲಸವೇ ಬಹುಕಾಲ ತೊಡಕಾಗಿ ಉಳಿಯಿತೆಂದೂ ನಮಗೆ ತೋರುತ್ತದೆ.

1987ರಲ್ಲಿ ಐಬಿಎಂ ಸಂಸ್ಥೆ ತನ್ನ ಪಿಎಸ್/2 ಗಣಕಗಳೊಡನೆ ವಿಜಿಎ ಎಂಬ ಚಿತ್ರವ್ಯವಸ್ಥೆಯನ್ನು ಬಳಕೆಗೆ ತಂದಿತು. 15 ಪಿನ್ನುಗಳ ಅದರ ಜೋಡಣೆ ಎರಡು ದಶಕಗಳಿಗೂ ಮೀರಿ ಬಾಳಿತು. ಅವುಗಳಲ್ಲಿ ಕೆಲವು ಪಿನ್ನುಗಳು ಮಾನಿಟರಿನ ಜಾತಿಯನ್ನು ಸೂಚಿಸುವುದಕ್ಕಾಗಿಯೇ ಮೀಸಲಾಗಿದ್ದುವು. ಯಾವುದು ಭೂತಂತಿಗೆ ಸೇರಿದೆ, ಯಾವುದು ಬಿಡಿಯಾಗಿದೆ ಎಂಬುದನ್ನು ನೋಡಿ, ಎದುರಿಗಿರುವುದು ಬಣ್ಣದ ಪರದೆಯೋ ಕಪ್ಪು ಬಿಳುಪಿನದೋ ಎಂದು ಗಣಕವು ತಿಳಿಯುತ್ತಿತ್ತು. ಇನ್ನೊಂದು ಉಪಾಯವೂ ಉಂಟು. ಮಾನಿಟರಿನೊಳಗೆ ಪ್ರತಿಯೊಂದು ಬಣ್ಣದ ತಂತಿಗೂ 75 ಓಮ್‌ಗಳ ರೋಧವಿರುತ್ತದೆ. ಆ ತಂತಿಯಲ್ಲಿ ಅಲ್ಪ ವಿದ್ಯುತ್ತನ್ನು ಹರಿಸಿ ವೋಲ್ಟೇಜನ್ನು ಅಳೆದರೆ ಆ ತುದಿಯಲ್ಲಿ ಪರದೆಯಿದೆಯೆ ಇಲ್ಲವೆ ಎಂಬುದು ವಿದಿತವಾಗುತ್ತದೆ. ಆದರೆ ಈ ಎರಡರಲ್ಲಿಯೂ ಕೇಳಿದಾಗ ಮಾತ್ರ ಉತ್ತರ ಬರುತ್ತಿತ್ತು. ತಂತಿ ಸೇರಿದೊಡನೆ ತಾನಾಗಿ ಕೂಗಿ ಹೇಳುವ ಅಂಗ ವಿಜಿಎಯಲ್ಲಿ ಇರಲೇ ಇಲ್ಲ.

1994ರಲ್ಲಿ ವೆಸಾ ಎಂಬ ಮಾನಕ ಮಂಡಲಿಯು ಮಾನಿಟರು ತನ್ನ ವಿವರಗಳನ್ನು ತಾನೇ ಒಪ್ಪಿಸುವಂತೆ ನಿಯಮವನ್ನು ರಚಿಸಿತು. ಇಡಿಐಡಿ ಎಂಬ ಈ ಪರಿಚಯಪತ್ರ 128 ಬೈಟುಗಳದು. ಅದರ ರಚನೆ ಸ್ವಾರಸ್ಯವಾಗಿದೆ. ಮೊದಲನೆಯ ಬೈಟು ಸೊನ್ನೆ, ಅನಂತರ ಆರು ಬೈಟುಗಳು 255, ಎಂಟನೆಯದು ಮತ್ತೆ ಸೊನ್ನೆ. ಈ ಮುದ್ರೆಯನ್ನು ಕಂಡರೆ ಪತ್ರ ಅಸಲಿನದೆಂದು ಅರ್ಥ. ತಯಾರಕನ ಹೆಸರು ಮೂರು ಅಕ್ಷರಗಳಲ್ಲಿ, ಅಕ್ಷರಕ್ಕೆ ಐದೈದು ಬಿಟ್ಟುಗಳಂತೆ ಅಡಕವಾಗಿದೆ. ಎಲ್ಲ ಬೈಟುಗಳನ್ನೂ ಕೂಡಿ 256ರಿಂದ ಭಾಗಿಸಿದರೆ ಶೇಷ ಉಳಿಯಕೂಡದು. ಉಳಿದರೆ ಓದುವಿಕೆಯಲ್ಲಿ ದೋಷವಿದೆ. ಇದನ್ನು ಸಾಗಿಸಲು ಫಿಲಿಪ್ಸ್ ಸಂಸ್ಥೆ 1982ರಲ್ಲಿಯೇ ರೂಪಿಸಿದ್ದ, ಐ2ಸಿ ಎಂಬ ಎರಡು ತಂತಿಗಳ ಸಂವಹನಕ್ರಮವನ್ನು ಎರವಲು ಪಡೆದರು. ವಿಜಿಎಯ ಹಳೆಯ ಗುರುತಿನ ಪಿನ್ನುಗಳಲ್ಲಿ 12 ಮತ್ತು 15ನೆಯವು ಈ ಹೊಸ ಉದ್ಯೋಗಕ್ಕೆ ನೇಮಕವಾದುವು. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಈ ಎರಡು ತಂತಿಗಳೇ ಇರುವುದಿಲ್ಲ. ಚಿತ್ರ ಹೋಗುತ್ತದೆ, ಪರಿಚಯಪತ್ರ ಬರುವುದಿಲ್ಲ. ಪ್ರೊಜೆಕ್ಟರು ಕೆಟ್ಟಿದೆಯೆಂದು ದೂರುವವರು ಮೊದಲು ತಂತಿಯನ್ನು ಶಂಕಿಸುವುದು ಲೇಸು.

ಕೂಗಿ ಹೇಳುವ ಅಂಗ ಬಂದುದು 1999ರ ಡಿವಿಐ ಜೋಡಣೆಯಲ್ಲಿ. ಗಣಕದಿಂದ ಕೇಬಲ್ಲಿನ ಮೂಲಕ 5 ವೋಲ್ಟುಗಳು ಮಾನಿಟರಿಗೆ ಹೋಗುತ್ತವೆ. ಮಾನಿಟರು ತನ್ನ ಪರಿಚಯಪತ್ರ ಓದಲು ಸಿದ್ಧವಾದಾಗ ಬೇರೊಂದು ಪಿನ್ನಿನ ಮೇಲೆ ವೋಲ್ಟೇಜನ್ನು ಏರಿಸಿ ಸನ್ನೆಮಾಡುತ್ತದೆ. 2002ರ ಎಚ್‌ಡಿಎಂಐಯಲ್ಲಿ ಇದು 19ನೆಯ ಪಿನ್ನು. 2006ರ ಡಿಸ್‌ಪ್ಲೇಪೋರ್ಟಿನಲ್ಲಿಯೂ ಈ ಏರ್ಪಾಡು ಉಳಿಯಿತು.

ಹೀಗೆ ತಂತಿಗೆ ಎಲ್ಲವೂ ತಿಳಿದಿತ್ತು. ಲಿನಕ್ಸಿಗೆ? 1990ರ ದಶಕದಲ್ಲಿ ಲಿನಕ್ಸ್ ಯಂತ್ರಗಳ ಪರದೆಯ ಆಡಳಿತ ಎಕ್ಸ್‌ಫ್ರೀ86 ಎಂಬ ತಂತ್ರಾಂಶದ ಕೈಯಲ್ಲಿತ್ತು. ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳನ್ನು ಬಳಕೆದಾರನೇ ಕೈಪಿಡಿಯಲ್ಲಿ ಹುಡುಕಿ ಸಂರಚನೆಯ ಕಡತದಲ್ಲಿ ಬರೆಯಬೇಕಾಗಿತ್ತು. ತಪ್ಪು ಬರೆದರೆ ಮಾನಿಟರು ಹಾಳಾದೀತೆಂಬ ಎಚ್ಚರಿಕೆಯೂ ಇತ್ತು. 2000ರಲ್ಲಿ ಹೊರಬಂದ 4.0 ಆವೃತ್ತಿ ಪರಿಚಯಪತ್ರವನ್ನು ಓದುವುದನ್ನು ಕಲಿತಿತ್ತು. ಆದರೆ ಓದುತ್ತಿದ್ದುದು ತಾನು ಎದ್ದೇಳುವಾಗ ಮಾತ್ರ. ಎರಡು ಪರದೆಗಳನ್ನು ಒಂದು ಮಾಡಿ ತೋರುವ ಝಿನೆರಾಮ ವ್ಯವಸ್ಥೆಯೂ ಮೊದಲೇ ಬರೆದಿಟ್ಟ ವಿನ್ಯಾಸವನ್ನೇ ನಂಬಿತ್ತು. ಮೇಜಿನ ಮೇಲೆ ಅಲುಗಾಡದೆ ಕೂತ ಗಣಕಕ್ಕೆ ಇಷ್ಟು ಸಾಕು. ಕೈಚೀಲದಲ್ಲಿ ತಿರುಗುವ ಲ್ಯಾಪ್‌ಟಾಪಿಗೆ ಸಾಲದು. ಉಪನ್ಯಾಸದ ನಡುವೆ ಪ್ರೊಜೆಕ್ಟರು ಬಂದರೆ ಸಾಮಾನ್ಯವಾಗಿ ತೆರೆದ ಕಿಟಕಿಗಳನ್ನೆಲ್ಲ ಮುಚ್ಚಿ ಎಕ್ಸ್ ಸರ್ವರನ್ನು ಮತ್ತೆ ಪ್ರಾರಂಭಿಸಬೇಕಾಗಿತ್ತು.

ಜಿಮ್ ಗೆಟ್ಟಿಸ್ ಮತ್ತು ಕೀತ್ ಪ್ಯಾಕರ್ಡ್ ಎಂಬ ವಿದ್ವಾಂಸರು 2001ರಲ್ಲಿ ಮಂಡಿಸಿದ ರ‍್ಯಾಂಡ್‌ಆರ್ ಎಂಬ ಯೋಜನೆ ಈ ಬಿಗಿತವನ್ನು ಸಡಿಲಿಸಿತು. ಅದರ ಮೊದಲ ರೂಪ ಇಡೀ ಪರದೆಯ ಗಾತ್ರವನ್ನು ಬದಲಿಸುವುದಕ್ಕೂ ತಿರುಗಿಸುವುದಕ್ಕೂ ಸೀಮಿತವಾಗಿತ್ತು. 2007ರ ಎಕ್ಸ್ ಸರ್ವರಿನೊಡನೆ ಬಂದ 1.2ನೆಯ ಆವೃತ್ತಿಯೇ ನಿಜವಾದ ತಿರುವು. ಪ್ರತಿಯೊಂದು ಹೊರದ್ವಾರಕ್ಕೂ ಪ್ರತ್ಯೇಕವಾದ ಹೆಸರು, ಸ್ಥಿತಿ, ವಿನ್ಯಾಸಗಳು ದೊರೆತುವು. ನಡೆಯುತ್ತಿರುವ ಗಣಕದಲ್ಲಿಯೇ ಎಕ್ಸ್‌ರ‍್ಯಾಂಡ್‌ಆರ್ ಎಂಬ ಒಂದು ಆಜ್ಞೆಯಿಂದ ಹೊಸ ಪರದೆಯನ್ನು ಹೊತ್ತಿಸಬಹುದಾಯಿತು. ಆದರೂ ಆಜ್ಞೆಯನ್ನು ಕೊಡತಕ್ಕವನು ಮನುಷ್ಯನೇ.

2009ರ ಮಾರ್ಚಿಯಲ್ಲಿ ಹೊರಬಂದ 2.6.29 ಕರ್ನೆಲ್ಲಿನಲ್ಲಿ ಇಂಟೆಲ್ ಚಿತ್ರಯಂತ್ರಗಳ ಮಟ್ಟಿಗೆ ಪರದೆಯನ್ನು ಹೊಂದಿಸುವ ಅಧಿಕಾರ ಎಕ್ಸ್‌ನಿಂದ ಕರ್ನೆಲ್ಲಿಗೆ ವರ್ಗವಾಯಿತು. ಮಾನಿಟರಿನ ಸನ್ನೆ ಈಗ ನೇರವಾಗಿ ಕರ್ನೆಲ್ಲಿಗೆ ಮುಟ್ಟುತ್ತದೆ. ಕರ್ನೆಲು ಪರಿಚಯಪತ್ರವನ್ನು ಓದಿ, ದ್ವಾರದ ಸ್ಥಿತಿಯನ್ನು ತಿದ್ದಿ, ಯುಡೆವ್ ಎಂಬ ಸುದ್ದಿವಾಹಕನಿಗೆ ತಿಳಿಸುತ್ತದೆ. ಸನ್ನೆಮಾಡಲಾರದ ವಿಜಿಎಯಂಥ ದ್ವಾರಗಳನ್ನು ಹತ್ತು ಸೆಕೆಂಡುಗಳಿಗೊಮ್ಮೆ ತಾನೇ ಹೋಗಿ ವಿಚಾರಿಸಿ ಬರುತ್ತದೆ. ವಿಜಿಎ ಪ್ರೊಜೆಕ್ಟರು ಕೊಂಚ ತಡವಾಗಿ ಎಚ್ಚರಗೊಳ್ಳುವುದಕ್ಕೆ ಇದೊಂದು ಕಾರಣ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕರ್ನೆಲು ಕಳುಹಿಸುತ್ತಿದ್ದ ಸುದ್ದಿ ಬಹುಕಾಲ 'ಏನೋ ಬದಲಾಗಿದೆ' ಎನ್ನುವಷ್ಟೇ ಆಗಿತ್ತು. ಯಾವ ದ್ವಾರ, ಬಂದುದೋ ಹೋದುದೋ ಎಂಬುದನ್ನು ಕೇಳಿದವರೇ ಹೋಗಿ ನೋಡಿಕೊಳ್ಳಬೇಕು. ದೊಡ್ಡ ಮೇಜುಪರಿಸರಗಳಾದ ಗ್ನೋಮ್, ಕೆಡಿಇ ಮೊದಲಾದುವು ಈ ಕೆಲಸಕ್ಕೆ ತಮ್ಮದೇ ಸೇವಕರನ್ನು ಇಟ್ಟುಕೊಂಡುವು. ಹಗುರವಾದ ಕಿಟಕಿ ವ್ಯವಸ್ಥೆಗಳನ್ನು ಬಳಸುವವರಾದರೋ ಯುಡೆವ್‌ಗೆ ಒಂದು ನಿಯಮವನ್ನು ಬರೆದು, ಸುದ್ದಿ ಬಂದೊಡನೆ ಎಕ್ಸ್‌ರ‍್ಯಾಂಡ್‌ಆರ್ ಆಜ್ಞೆಯಿರುವ ಸ್ಕ್ರಿಪ್ಟನ್ನು ಓಡಿಸಲು ಯತ್ನಿಸಿದರು. ನಾವೂ ನಮ್ಮ ವಿಭಾಗದ ಲ್ಯಾಪ್‌ಟಾಪಿನಲ್ಲಿ ಹೀಗೆಯೇ ಮಾಡಿ ಸೋತೆವು. ಕೈಯಾರೆ ಓಡಿಸಿದರೆ ಸ್ಕ್ರಿಪ್ಟು ನಿರ್ದುಷ್ಟವಾಗಿತ್ತು. ಯುಡೆವ್ ಓಡಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಯುಡೆವ್ ರೂಟ್ ಅಧಿಕಾರದಲ್ಲಿ, ಯಾವ ಬಳಕೆದಾರನ ಕಲಾಪಕ್ಕೂ ಸೇರದೆ ಕೆಲಸಮಾಡುತ್ತದೆ. ಯಾವ ಪರದೆಯೊಡನೆ ಮಾತಾಡಬೇಕೆಂಬುದು ಅದಕ್ಕೆ ತಿಳಿಯದು. ಎಕ್ಸ್ ಸರ್ವರಿನ ಬಾಗಿಲಲ್ಲಿ ತೋರಿಸಬೇಕಾದ ಗುಪ್ತಮುದ್ರೆ ಬಳಕೆದಾರನ ವಶದಲ್ಲಿರುತ್ತದೆ. ಈ ಎರಡನ್ನೂ ಸ್ಕ್ರಿಪ್ಟಿನಲ್ಲಿ ಬರೆದುಕೊಟ್ಟ ಮೇಲೆ ಮತ್ತೊಂದು ತೊಡಕು: ತಂತಿಯನ್ನು ಒಮ್ಮೆ ಸಿಕ್ಕಿಸಿದರೆ ಸುದ್ದಿ ಎರಡು ಮೂರು ಬಾರಿ ಬರುತ್ತಿತ್ತು, ಸ್ಕ್ರಿಪ್ಟು ತನ್ನ ಮೇಲೆಯೇ ಮುಗ್ಗರಿಸುತ್ತಿತ್ತು. ಯುಡೆವ್ ತಾನು ಓಡಿಸಿದ ಕೆಲಸ ದೀರ್ಘವಾದರೆ ಅದನ್ನು ಕೊಂದುಬಿಡುತ್ತದೆಂಬುದೂ ಆಗಲೇ ನಮಗೆ ತಿಳಿದುದು. ಪರದೆಗಳ ಪರಿಚಯಪತ್ರಗಳನ್ನು ನೆನಪಿಟ್ಟು, ಈ ಪರದೆ ಬಂದರೆ ಈ ವಿನ್ಯಾಸ ಎಂದು ಹಚ್ಚುವ ಆಟೋರ‍್ಯಾಂಡ್‌ಆರ್ ಎಂಬ ಸಾಧನ ಇಂಥ ತೊಡಕುಗಳನ್ನೆಲ್ಲ ಬಳಕೆದಾರರ ಪರವಾಗಿ ತಾನು ಹೊತ್ತುಕೊಂಡಿದೆ.

ಯುಡೆವ್ ಮತ್ತು ಬಳಕೆದಾರನ ಕಲಾಪಗಳ ನಡುವಣ ಈ ಗೋಡೆ ಅವಿವೇಕದ ಫಲವೆಂದು ಕೆಲವರು ದೂರುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಪರದೆಯಿದೆಯೆಂಬುದು ಭೌತಸತ್ಯ, ಅದರ ಮೇಲೆ ಏನನ್ನು ತೋರಬೇಕೆಂಬುದು ಒಬ್ಬನ ಇಚ್ಛೆ. ತಂತಿ ಸೇರಿದೊಡನೆ ಲ್ಯಾಪ್‌ಟಾಪಿನಲ್ಲಿರುವುದೆಲ್ಲ ಗೋಡೆಯ ಮೇಲೆ ಮೂಡುವುದಾದರೆ, ತೆರೆದಿಟ್ಟ ಖಾಸಗಿ ಪತ್ರವೋ ತಿದ್ದುತ್ತಿದ್ದ ಅಂಕಪಟ್ಟಿಯೋ ತರಗತಿಗೆಲ್ಲ ಪ್ರಕಟವಾಗುತ್ತದೆ. ಸ್ವಯಂಚಲನೆಯನ್ನು ಬಯಸುವವರು ಈ ಮಾತನ್ನು ಮರೆಯಲಾಗದು.

2008ರಲ್ಲಿ ಪ್ರಾರಂಭವಾದ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಪರದೆಯನ್ನು ರಚಿಸುವ ತಂತ್ರಾಂಶವೇ ಯುಡೆವ್‌ನ ಸುದ್ದಿಯನ್ನೂ ಕೇಳುತ್ತದೆ, ತೀರ್ಮಾನವನ್ನೂ ಮಾಡುತ್ತದೆ. ಗೋಡೆ ಹೋಯಿತು, ಅದರೊಡನೆ ಎಲ್ಲ ಕಡೆಯೂ ನಡೆಯುತ್ತಿದ್ದ ಎಕ್ಸ್‌ರ‍್ಯಾಂಡ್‌ಆರ್ ಆಜ್ಞೆಯೂ ಹೋಯಿತು. 2014ರ ತರುವಾಯ ಬಂದ ಯುಎಸ್‌ಬಿ-ಸಿ ದ್ವಾರದಲ್ಲಾದರೋ ಮಾನಿಟರಿನ ಸನ್ನೆಗೆ ಪ್ರತ್ಯೇಕ ತಂತಿಯೇ ಇಲ್ಲ. ಅದು ಅಲ್ಲಿ ಒಂದು ಸಂದೇಶವಾಗಿ ಸಾಗುತ್ತದೆ.

ಒಂದು ಸಮಸ್ಯೆ ಮಾತ್ರ ಹಾಗೆಯೇ ಇದೆ. ಪರಿಚಯಪತ್ರದಲ್ಲಿ ಕ್ರಮಸಂಖ್ಯೆಗೆ ಸ್ಥಳವಿದ್ದರೂ ಎಷ್ಟೋ ತಯಾರಕರು ಅಲ್ಲಿ ಸೊನ್ನೆಯನ್ನೋ ಎಲ್ಲಕ್ಕೂ ಒಂದೇ ಸಂಖ್ಯೆಯನ್ನೋ ಬರೆದು ಕೈತೊಳೆದುಕೊಳ್ಳುತ್ತಾರೆ. ಒಂದೇ ಬಾರಿಗೆ ಕೊಂಡ ಅಂಥ ಪ್ರೊಜೆಕ್ಟರುಗಳಿರುವ ಎರಡು ಕೊಠಡಿಗಳು ಲ್ಯಾಪ್‌ಟಾಪಿಗೆ ಒಂದೇ ಕೊಠಡಿ. ಗ್ನೋಮ್ ಪರಿಸರವು ತಯಾರಕ, ಮಾದರಿ, ಕ್ರಮಸಂಖ್ಯೆಗಳ ಜೊತೆಗೆ ದ್ವಾರದ ಹೆಸರನ್ನೂ ಬರೆದಿಟ್ಟುಕೊಳ್ಳುತ್ತದೆ. ಆದರೆ ಎರಡು ಕೊಠಡಿಗಳಲ್ಲಿಯೂ ಅಧ್ಯಾಪಕರು ಸಿಕ್ಕಿಸುವುದು ಅದೇ ದ್ವಾರಕ್ಕೆ.